ಶನಿವಾರದ ಮೇಜಿನ ಡಾಕ್ಟರು

ಅವರು ತೀರಿಕೊಂಡ ಸುದ್ದಿ ನನಗೆ ಆಸ್ಪತ್ರೆಯ ಇಮೇಲಿನಲ್ಲಿ ಬಂತು. ಮಧ್ಯಾಹ್ನದ ಕ್ಲಿನಿಕ್ಕಿಗೆ ಹೋಗುವ ಮುಂಚೆ ಕಂಪ್ಯೂಟರ್ ತೆರೆದರೆ, ಕಾರ್ ಪಾರ್ಕಿನ ಹೊಸ ಪಾಸುಗಳ ಬಗೆಗಿನ ಸೂಚನೆಯ ಕೆಳಗೆ ಮೂರು ಸಾಲು. ನಿವೃತ್ತರಾಗಿದ್ದ ನಮ್ಮ ಹಿಂದಿನ ಸಹೋದ್ಯೋಗಿ ಹೃದಯಾಘಾತದಿಂದ ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಹೆಸರಿನಲ್ಲಿ ಎರಡು ಅಕ್ಷರ ತಪ್ಪಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಆಸ್ಪತ್ರೆಯಲ್ಲಿ ದುಡಿದವರ ಹೆಸರು ಅದು.

ಸಂಜೆ, ಆಸ್ಪತ್ರೆಯ ಪತ್ರಿಕೆ ನೋಡಿಕೊಳ್ಳುವ ಹುಡುಗಿ ಫೋನ್ ಮಾಡಿದಳು. ಅವರನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ನೀವೇ ಅಂತೆ, ಒಂದು ಪ್ಯಾರಾ ಬರೆದುಕೊಡ್ತೀರಾ ಎಂದು ಕೇಳಿದಳು. ಬರೆದುಕೊಟ್ಟೆ. ರೋಗಿಗಳ ಅಚ್ಚುಮೆಚ್ಚಿನ ವೈದ್ಯ, ಕಿರಿಯರ ಮಾರ್ಗದರ್ಶಿ ಇತ್ಯಾದಿ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಡೆದದ್ದೂ ಒಂದಕ್ಷರ ಇರಲಿಲ್ಲ. ಅದಕ್ಕೇ ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನ ಕೈಯಿಂದ ಆ ಹೆಸರು ಬರುವುದು ಅವರ ಮನೆಯವರಿಗೆ ಬೇಕಾಗಿರಲಿಕ್ಕಿಲ್ಲ.

ನಾನು ಬರ್ಮಿಂಗ್‌ಹ್ಯಾಮಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಇಲ್ಲಿಯ ಪರೀಕ್ಷೆಯನ್ನೂ ಪಾಸು ಮಾಡಿ, ಕೆಲಸ ಸಿಗುವ ತನಕ ಸಂಬಳವಿಲ್ಲದೆ ವಾರ್ಡಿನಲ್ಲಿ ನಿಂತು ನೋಡುತ್ತಿದ್ದೆ. ಅದಕ್ಕೆ ಅಟ್ಯಾಚ್‌ಮೆಂಟ್ ಅಂತ ಗೌರವದ ಹೆಸರು. ಬಿಳಿ ಕೋಟು ಹಾಕಿಕೊಂಡು ರೌಂಡ್ಸಿನಲ್ಲಿ ಎಲ್ಲರ ಹಿಂದೆ ನಡೆಯುವುದು, ಯಾರಾದರೂ ಪರದೆ ಎಳೆ ಎಂದರೆ ಎಳೆಯುವುದು, ಅಷ್ಟೇ. ಒಂದು ದಿನ ಕಾರಿಡಾರಿನ ಫೋನಿಗೆ ಕಾರ್ಡು ಹಾಕಿ ಅಮ್ಮನ ಜೊತೆ ಮಾತಾಡುತ್ತಿದ್ದೆ. "ಊಟ ಆಯ್ತಮ್ಮ, ಅನ್ನ ಸಾರು ಮಾಡ್ಕೊಂಡಿದ್ದೆ" ಎಂದು ಹೇಳಿ ಫೋನಿಟ್ಟೆ. ಹಿಂದಿನಿಂದ ದನಿ ಬಂತು.

"ಸುಳ್ಳ ಹೇಳಬ್ಯಾಡ ತಂಗಿ. ತಾಯಿಗೆ ಗೊತ್ತಾಗಲಿಕ್ಕಿಲ್ಲ, ನನಗ ಗೊತ್ತಾಕ್ಕೈತಿ."

ತಿರುಗಿ ನೋಡಿದರೆ ಕುಳ್ಳಗೆ, ಅಗಲಕ್ಕೆ ಒಬ್ಬರು. ಟೈ ಹೊಟ್ಟೆಯ ಅರ್ಧಕ್ಕೇ ನಿಂತಿತ್ತು. ಸ್ಟೆತಾಸ್ಕೋಪು ಕೋಟಿನ ಜೇಬಿನಲ್ಲಿತ್ತು. ಎಲ್ಲರೂ ಕೊರಳಿಗೆ ಹಾಕಿಕೊಳ್ಳುತ್ತಾರಲ್ಲ ಎಂದು ಮುಂದೊಮ್ಮೆ ಕೇಳಿದ್ದಕ್ಕೆ, "ಅದೇನ ತಾಳಿ ಏನು, ಕೊರಳಾಗ ಕಟ್ಟಿಕೊಂಡು ತಿರುಗಾಕ?" ಎಂದಿದ್ದರು.

"ಯಾವೂರು?"

"ಮೈಸೂರು ಸರ್."

"ಹಾಂ. ಮೈಸೂರಾವ್ರು ಹಸಿದ್ರೂ ಊಟ ಆತು ಅಂತಾರ. ನಾವು ವಿಜಾಪುರದಾವ್ರು, ಊಟ ಆಗಿದ್ರೂ ಇನ್ನಷ್ಟು ಉಣ್ಣತೀವಿ. ಶನಿವಾರ ಹನ್ನೆರಡೂವರಿಗೆ ಬಾ." ರಕ್ತಪರೀಕ್ಷೆಯ ಫಾರಮ್ಮಿನ ಹಿಂದೆ ಒಂದು ಹೋಟೆಲಿನ ಹೆಸರು ಬರೆದುಕೊಟ್ಟು ಹೊರಟೇ ಹೋದರು.

ಅದು ನ್ಯೂ ಸ್ಟ್ರೀಟ್ ಸ್ಟೇಷನ್ನಿನಿಂದ ಐದು ನಿಮಿಷದ ದಾರಿ. ತಿರುಗುವ ಬಾಗಿಲು, ಕೆಂಪು ಜಮಖಾನೆ, ಸೂಟ್‌ಕೇಸಿನ ಗಾಲಿಗಳ ಸದ್ದು. ಕೆಳಮಹಡಿಯ ಹಿಂಬದಿಯಲ್ಲಿ ರೆಸ್ಟೋರೆಂಟು. ಬಾಗಿಲ ಮೇಲೆ ಬಂಗಾರದ ಅಕ್ಷರದಲ್ಲಿ 'ಸದರ್ನ್ ಸ್ಟೈಲ್' ಅಂತ ಮಾತ್ರ ಇತ್ತು. ಇಂಡಿಯನ್ ಎಂದು ಬರೆದರೆ ಕಾನ್ಫರೆನ್ಸಿಗೆ ಬರುವ ಜನ ಎದುರಿನ ಬಾಲ್ಟಿ ಹೌಸ್ ಎಂಬ ಅಗ್ಗದ ಕರಿ ಹೋಟೆಲಿಗೇ ಹೋಗುತ್ತಾರೆ, ಬರೆಯದಿದ್ದರೆ ಕುತೂಹಲಕ್ಕಾದರೂ ಒಳಗೆ ಬರುತ್ತಾರೆ ಎಂದು ಯಾರೋ ಮ್ಯಾನೇಜರು ಯೋಚಿಸಿದ್ದರಂತೆ. ಒಳಗೆ ಬಿಳಿ ಬಟ್ಟೆ ಹಾಸಿದ ಮೇಜು, ಬೆಳ್ಳಿಬಣ್ಣದ ಫೋರ್ಕು, ಅದರ ನಡುವೆ ಇಡ್ಲಿ, ವಡೆ, ಸಾರು, ಮೊಸರನ್ನ. ಬಡಿಸುತ್ತಿದ್ದವರಲ್ಲಿ ಹಿರಿಯರೊಬ್ಬರು ಉಡುಪಿ ಕಡೆಯವರು. ಮೂಲೆಯ ಎಂಟು ಜನರ ಮೇಜು ಪ್ರತಿ ಶನಿವಾರ ನಮ್ಮ ಡಾಕ್ಟರರದು.

ನಾನು ಹೋದಾಗ ಆಗಲೇ ಐದು ಜನ ಕೂತಿದ್ದರು. ಎಲ್ಲರೂ ನನ್ನ ಹಾಗೆಯೇ ಪರೀಕ್ಷೆ ಪಾಸಾಗಿ ಕೆಲಸವಿಲ್ಲದೆ ಇದ್ದವರು. ದಾವಣಗೆರೆ, ಬೆಳಗಾವಿ, ಕಲಬುರಗಿ, ಒಬ್ಬ ಬೆಂಗಳೂರು. ಡಾಕ್ಟರು ಅಂಗಿಯ ತೋಳು ಮಡಚಿ, ಫೋರ್ಕುಗಳನ್ನೆಲ್ಲ ಗುಡ್ಡೆಮಾಡಿ ಬದಿಗೆ ಸರಿಸಿ, ಅನ್ನಕ್ಕೆ ಕೈ ಹಾಕಿದರು. ಆಮೇಲೆ ಜೇಬಿನಿಂದ ಬಿಳಿ ಮುಚ್ಚಳದ ಪುಟ್ಟ ಪ್ಲಾಸ್ಟಿಕ್ ಬಾಟಲಿ ತೆಗೆದರು. ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆಗೆ ಕೊಡುತ್ತಾರಲ್ಲ, ಅದೇ ಬಾಟಲಿ. ಅದರ ತುಂಬ ಕೆಂಪಗೆ ಶೇಂಗಾ ಚಟ್ನಿಪುಡಿ.

"ಹೆದರಬ್ಯಾಡ್ರಿ, ಹೊಸಾ ಬಾಟ್ಲಿ ಐತಿ. ಯಾರೂ ತುಂಬಿ ಕೊಟ್ಟಿಲ್ಲ ಇನ್ನಾ."

ಪಕ್ಕದ ಮೇಜಿನ ಇಂಗ್ಲಿಷ್ ಹೆಂಗಸು ಚಮಚ ಕೆಳಗಿಟ್ಟದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ.

ಇನ್ನೊಂದು ಶನಿವಾರ ಅಮೆರಿಕದ ದಂಪತಿ ಬೋರ್ಡು ನೋಡಿ ಒಳಗೆ ಬಂದರು. ಸದರ್ನ್ ಎಂದರೆ ತಮ್ಮ ಊರಿನ ದಕ್ಷಿಣ ಎಂದುಕೊಂಡು ಕರಿದ ಕೋಳಿ, ಜೋಳದ ಬ್ರೆಡ್ಡು ಕೇಳಿದರು. ಉಡುಪಿಯವರು ವಿವರಿಸಲಾರದೆ ನಿಂತಿದ್ದಾಗ ಡಾಕ್ಟರು ಎದ್ದು ಅವರ ಮೇಜಿಗೇ ಹೋದರು. ಇದೂ ಸದರ್ನೇ, ಇನ್ನೂ ಸ್ವಲ್ಪ ದಕ್ಷಿಣ ಅಷ್ಟೇ ಎಂದು ಇಂಗ್ಲಿಷಿನಲ್ಲಿ ಹೇಳಿ, ಅವರಿಗೆ ಮಸಾಲೆ ದೋಸೆ ತರಿಸಿ, ಕೈಯಲ್ಲಿ ಹೇಗೆ ಮುರಿಯಬೇಕೆಂದು ತೋರಿಸಿಕೊಟ್ಟರು. ಆ ಗಂಡ ಹೆಂಡತಿ ಬೆರಳು ಚೀಪಿಕೊಂಡು ತಿಂದು, ಹೋಗುವಾಗ ಅವರ ಕೈ ಕುಲುಕಿ ಹೋದರು. ಡಾಕ್ಟರು ವಾಪಸು ಬಂದು ಕೂತು ಹೇಳಿದರು: "ನೋಡ್ರಿ, ನಾ ಈ ದೇಶಕ್ಕ ಬಂದ ಮ್ಯಾಲೆ ನನ್ನ ಮಾತು ಒಮ್ಮೆಲೇ ಕೇಳಿದ ಬಿಳೀ ಮಂದಿ ಇವರಿಬ್ಬರ. ಅವರೂ ಈ ಊರಾವ್ರಲ್ಲ."

ನಕ್ಕೆವು. ಅವರು ನಗಲಿಲ್ಲ.

ಅವರನ್ನು ದೇವರು ಮಾಡಿ ಬರೆಯಲಾರೆ. ಸಾರು ತಣ್ಣಗಿದೆಯೆಂದು ಒಂದೇ ಊಟದಲ್ಲಿ ಮೂರು ಸಲ ಅಡುಗೆಮನೆಗೆ ವಾಪಸು ಕಳಿಸಿದ್ದುಂಟು. ಕಂಪ್ಯೂಟರ್ ಕಲಿಯಲು ಹಟ ಹಿಡಿದು ಒಲ್ಲೆ ಎಂದರು. ರೋಗಿಗಳ ಜೀಪಿಗಳಿಗೆ, ಅಂದರೆ ಊರಿನ ಫ್ಯಾಮಿಲಿ ಡಾಕ್ಟರುಗಳಿಗೆ, ಅವರು ಬರೆಸುತ್ತಿದ್ದ ಪತ್ರಗಳು ಮೂರು ಪುಟ ಮೀರುತ್ತಿದ್ದವು. ರೋಗಿಯ ಮೊಣಕಾಲಿನಿಂದ ಹಿಡಿದು ಅವರ ಸತ್ತ ಬೆಕ್ಕಿನ ತನಕ ಎಲ್ಲ ಇರುತ್ತಿತ್ತು. ನಾಲಿಗೆಗೆ ಕಡಿವಾಣವಿರಲಿಲ್ಲ. ನಮ್ಮ ಮೇಜಿನ ಬೆಂಗಳೂರಿನ ಹುಡುಗ ಒಮ್ಮೆ, "ಆಕ್ಚುಲಿ ಸರ್, ನಂಗೆ ಇಂಗ್ಲಿಷಲ್ಲೇ ಮಾತಾಡೋದು ಕಂಫರ್ಟಬಲ್" ಎಂದ. "ಹಂಗಾರ ಇಂಗ್ಲಿಷಿನಾಗ ಹಸಿ ಹೋಗು" ಎಂದುಬಿಟ್ಟರು. ಅವನಿಗೆ ಎಂಟು ತಿಂಗಳಿಂದ ಕೆಲಸ ಸಿಕ್ಕಿರಲಿಲ್ಲ. ತಟ್ಟೆ ಬಿಟ್ಟು ಎದ್ದುಹೋದವನು ಮತ್ತೆ ಬರಲಿಲ್ಲ. ಡಾಕ್ಟರು ಎರಡು ಮೂರು ವಾರ ಬಾಗಿಲ ಕಡೆ ನೋಡಿದರು. ಅವನ ಫೋನ್ ನಂಬರು ಅವರ ಹತ್ತಿರ ಇತ್ತು. ಮಾಡಲಿಲ್ಲ.

ಅವರ ವಿಭಾಗ ಮುದುಕರ ವಾರ್ಡು. ಬಂದದ್ದು ಹೃದಯದ ಡಾಕ್ಟರಾಗಬೇಕೆಂದು. ಮೊದಲ ಎರಡು ವರ್ಷ ಅರ್ಜಿ ಹಾಕಿದಲ್ಲೆಲ್ಲ ನಗುತ್ತಾ ಇಲ್ಲ ಎಂದರಂತೆ. ಕೊನೆಗೆ ಒಬ್ಬ ದೊಡ್ಡ ಡಾಕ್ಟರು, ವೃದ್ಧರ ವಿಭಾಗದಲ್ಲಿ ಜಾಗ ಇದೆ, ನಿಮ್ಮವರು ಅಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತಾರೆ ಎಂದರಂತೆ. "ಹೃದಯಾ ಅವರು ಇಟ್ಕೊಂಡ್ರು, ಮುದುಕರನ್ನ ನಮಗ ಕೊಟ್ರು" ಎನ್ನುತ್ತಿದ್ದರು. ಆದರೆ ಕೊಟ್ಟದ್ದನ್ನು ಅವರಷ್ಟು ಪ್ರೀತಿಯಿಂದ ಇಟ್ಟುಕೊಂಡವರನ್ನು ನಾನು ಕಾಣೆ. ಬರ್ಮಿಂಗ್‌ಹ್ಯಾಮಿನ ಮುದುಕಿಯರು ಅವರನ್ನು 'ಬ್ಯಾಬ್' ಎಂದು ಕರೆಯುತ್ತಿದ್ದರು, ನಮ್ಮಲ್ಲಿ 'ಕಂದಾ' ಅಂದ ಹಾಗೆ. ಅವರು ಮಂಚದ ಅಂಚಿಗೇ ಕೂತು ಆ ಮುದುಕಿಯರ ದನಿಯಲ್ಲೇ ಉತ್ತರ ಕೊಡುತ್ತಿದ್ದರು. ಬಾಯಿ ಬಿಡದ, ಗೋಡೆಗೆ ಮುಖ ಮಾಡಿ ಮಲಗಿದ ಹಳೇ ಕಾರ್ಖಾನೆಯ ಮುದುಕನೊಬ್ಬನ ಪಕ್ಕ ಮೂರು ದಿನ ಸುಮ್ಮನೆ ಕೂತರು. ನಾಲ್ಕನೇ ದಿನ ಅವನು, ತಾನು ಯಾವ ಕಾರಿನ ಬಾಗಿಲು ಕೂರಿಸುತ್ತಿದ್ದೆ ಎಂದು ಹೇಳತೊಡಗಿದ. "ಎದಿ ನೋವಿಗಿಂತ ಮೊದಲ ಕೆಲಸಾ ಕೇಳಬೇಕು" ಎಂದು ನನಗೆ ಹೇಳಿಕೊಟ್ಟರು. ನನಗೆ ಮುದುಕರ ವೈದ್ಯೆ ಆಗಬೇಕೆನಿಸಿದ್ದು ಅವತ್ತು.

ಅವರ ಮೇಲಿನ ಕನ್ಸಲ್ಟೆಂಟ್, ಅಂದರೆ ವಾರ್ಡಿನ ಮುಖ್ಯ ವೈದ್ಯರು, ಬಿಟ್ಟು ಹೋದಾಗ ಆ ಜಾಗವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳಿ ಎಂದು ಇವರಿಗೆ ಹೇಳಿದ್ದರು. ಆ ತಾತ್ಕಾಲಿಕ ಏಳು ವರ್ಷ ನಡೆಯಿತು. ಬೇರೆ ಕನ್ಸಲ್ಟೆಂಟರ ಬಾಗಿಲಲ್ಲಿ ಕೆತ್ತಿದ ಹೆಸರಿನ ಫಲಕ, ಇವರ ಬಾಗಿಲಲ್ಲಿ ಟೇಪು ಹಚ್ಚಿದ ಕಾಗದ. ಈ ಮಧ್ಯೆ ನನಗೆ ಕೆಲಸ ಸಿಕ್ಕಿತು, ಆಮೇಲೆ ತಜ್ಞರ ತರಬೇತಿಯೂ ಸಿಕ್ಕಿತು. ಎರಡಕ್ಕೂ ಇಂಟರ್‌ವ್ಯೂ ತಯಾರಿ ಆ ಹೋಟೆಲಿನ ಮೇಜಿನಲ್ಲೇ ಆದದ್ದು. ಬಾಯಲ್ಲಿ ತುತ್ತಿರುವಾಗಲೇ ಪ್ರಶ್ನೆ ಕೇಳುತ್ತಿದ್ದರು. ನುಂಗಿ ಉತ್ತರ ಹೇಳಿದರೆ, "ತಡಾ ಆತು" ಎನ್ನುತ್ತಿದ್ದರು.

ನನ್ನ ತರಬೇತಿ ಮುಗಿಯುವ ಹೊತ್ತಿಗೆ ಆ ಜಾಗವನ್ನು ಖಾಯಂ ಮಾಡಿ ಜಾಹೀರಾತು ಕೊಟ್ಟರು. ಆಗ ನನಗೆ ಮದುವೆಯಾಗಿತ್ತು, ಮಗಳು ಹುಟ್ಟಿದ್ದಳು, ಪಕ್ಕದ ಸೊಲಿಹಲ್‌ನಲ್ಲಿ ಮನೆ ಕೊಂಡಿದ್ದೆವು. ಬೇರೆಲ್ಲೂ ಹೋಗುವ ಮನಸ್ಸಿರಲಿಲ್ಲ. ಅರ್ಜಿ ಹಾಕಿ, ಶನಿವಾರ ಅವರಿಗೆ ಹೇಳಿದೆ. ಅವರು ಒಂದು ಗಳಿಗೆ ವಡೆ ಮುರಿಯುವುದನ್ನು ನಿಲ್ಲಿಸಿದರು.

"ಛಲೋ ಆತು. ಬರೋ ವಾರದಿಂದ ಒಬ್ಬಾಕಿನ ಮುಂಚೆ ಬಾ. ತಯಾರಿ ಮಾಡೂಣು."

ನೀವೂ ಹಾಕಿದ್ದೀರಾ ಸರ್ ಎಂದು ನಾನು ಕೇಳಲಿಲ್ಲ. ಹಾಕಿರಬಹುದು ಎಂಬ ಅನುಮಾನ ಇತ್ತು, ಅದಕ್ಕೇ ಕೇಳಲಿಲ್ಲ.

ನಾಲ್ಕು ಶನಿವಾರ ಪಾಠ ಮಾಡಿದರು. ವಾರ್ಡಿನಲ್ಲಿ ಹಾಸಿಗೆ ಸಾಲದಿದ್ದರೆ ಏನು ಮಾಡುತ್ತೀ, ದೂರು ಬಂದರೆ ಏನು ಹೇಳುತ್ತೀ. ಒಂದು ಮಾತನ್ನು ಎರಡೆರಡು ಸಲ ಹೇಳಿದರು.

"ಜೊತಿಗೆ ಕೆಲಸಾ ಮಾಡಾವ್ರ ಬಗ್ಗೆ ಕೇಳಿದ್ರ ಬರೇ ಹೊಗಳಬ್ಯಾಡ. ಬರೇ ಹೊಗಳಿದ್ರ ಇವರು ನಂಬೂದಿಲ್ಲ. ಮೊದಲ ಒಂದು ಛಲೋದು ಹೇಳು. ಆಮ್ಯಾಲೆ ಒಂದು ಕೊರತಿ ಹೇಳು, ಸಣ್ಣ ದನಿಲೆ. ಆವಾಗ 'ಈಕಿ ವಿಚಾರ ಮಾಡಿ ಮಾತಾಡ್ತಾಳ' ಅಂತಾರ."

ಇಂಟರ್‌ವ್ಯೂ ದಿನ ಆಡಳಿತ ಕಚೇರಿಯ ಹೊರಗಿನ ಕೋಣೆಗೆ ಹೋದೆ. ಕಿಟಕಿಯ ಕೆಳಗಿನ ಕುರ್ಚಿಯಲ್ಲಿ, ನೀಲಿ ಸೂಟು ಹಾಕಿಕೊಂಡು, ತೊಡೆಯ ಮೇಲೆ ಫೈಲು ಇಟ್ಟುಕೊಂಡು ಅವರು ಕೂತಿದ್ದರು. ಬೂಟು ಮಿರಮಿರ ಮಿಂಚುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ.

"ಬಾ, ಕೂಡು. ನೀರ ಕುಡಿ."

"ಸರ್, ನೀವು ಹೇಳಲೇ ಇಲ್ಲ."

"ಹೇಳಿದ್ರ ನೀ ಬರ್ತಿದ್ದಿಲ್ಲ."

"ಮತ್ತೆ ಯಾಕೆ ನಂಗೆ ತಯಾರಿ ಮಾಡಿಸಿದ್ರಿ?"

ಅವರು ಪ್ರೀತಿಯಿಂದಲೇ ನಕ್ಕರು. "ಏಳು ವರ್ಷ ನಾ ಮಾಡಿದ ಕೆಲಸಾ ಇದು. ಈ ಸಲ ಬ್ಯಾರೆಯವರಿಗೆ ಕೊಡಾಕ ಅವರಿಗೆ ಬರೂದಿಲ್ಲ. ನಿನಗ ಮುಂದಿನ ಸಲಕ್ಕ ರೂಢಿ ಆಗಲಿ ಅಂತ. ಸೋಲೂದೂ ಕಲೀಬೇಕಲ್ಲ ತಂಗಿ."

ಆ ಮಾತು ನನಗೆ ಚುಚ್ಚಿತು. ನಾಲ್ಕು ವಾರ ನನ್ನನ್ನು ಗೆಲ್ಲಿಸಲು ಕೂತಿದ್ದಾರೆ ಅಂದುಕೊಂಡಿದ್ದೆ. ನಾನು ಸೋಲುವುದು ಅವರಿಗೆ ಅಷ್ಟು ಖಾತ್ರಿಯಾಗಿತ್ತು. ಅವರನ್ನು ಮೊದಲು ಕರೆದರು. ಮುಕ್ಕಾಲು ಗಂಟೆ ಬಿಟ್ಟು ಹೊರಬಂದಾಗ ಮುಖ ಅರಳಿತ್ತು. ಹೆಬ್ಬೆರಳೆತ್ತಿ ತೋರಿಸಿದರು. ನಾನು ಅದೇ ಚುಚ್ಚಿದ ಮನಸ್ಸಿನಲ್ಲಿ ಒಳಗೆ ಹೋದೆ.

ಎಲ್ಲ ಪ್ರಶ್ನೆಗಳೂ ಆ ಮೇಜಿನಲ್ಲಿ ಕೇಳಿದ್ದೇ ಆಗಿದ್ದವು. ಕೊನೆಗೆ ಅಧ್ಯಕ್ಷರು ಕನ್ನಡಕ ತೆಗೆದು, ನಿಮ್ಮನ್ನು ಆರಿಸಿದರೆ ಈಗ ಆ ಕೆಲಸ ಮಾಡುತ್ತಿರುವ ಡಾಕ್ಟರು ನಿಮ್ಮ ಕೈಕೆಳಗೆ ಬರುತ್ತಾರೆ, ಅವರ ಬಗ್ಗೆ ಏನು ಹೇಳುತ್ತೀರಿ ಎಂದರು. ಹಾಗೆ ಕೇಳಬಾರದಿತ್ತು. ಇನ್ನೊಬ್ಬ ಅಭ್ಯರ್ಥಿಯ ಬಗ್ಗೆ ಮಾತಾಡುವುದು ಸರಿಯಲ್ಲ ಎಂದು ನಾನು ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು ಎಂದು ಇವತ್ತಿಗೂ ನಂಬಿದ್ದೇನೆ.

"ರೋಗಿಗಳಿಗೆ ಅವರೆಂದರೆ ಪ್ರಾಣ" ಎಂದೆ. ಆಮೇಲೆ ದನಿ ಸಣ್ಣಗೆ ಮಾಡಿ, "ಆದರೆ ಬದಲಾವಣೆ ಅವರಿಗೆ ಸ್ವಲ್ಪ ಕಷ್ಟ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅವರು ಮುಂದೆ ನಿಂತು ನಡೆಸುವವರಲ್ಲ. ಬೇರೆಯವರು ನಡೆಸಿದರೆ ಚೆನ್ನಾಗಿ ಕೆಲಸ ಮಾಡುತ್ತಾರೆ."

ಮೇಜಿನ ಆಚೆ ಪೆನ್ನುಗಳು ಓಡಿದವು.

ಸಂಜೆಗೇ ಫಲಿತಾಂಶ ಹೇಳಿದರು. ಆಯ್ಕೆಯಾದದ್ದು ನಾನು. ಡಾಕ್ಟರು ಕೈ ಚಾಚಿ, "ಶಾಭಾಸ್" ಎಂದರು. ಆ ಶನಿವಾರ ಎಂದಿನಂತೆ ನನ್ನನ್ನು ಊಟಕ್ಕೆ ಕರೆದರು. ಹೋಟೆಲಿನಲ್ಲಿ ಉಡುಪಿಯವರಿಗೆ, "ನಮ್ಮ ಹುಡುಗಿ ಕನ್ಸಲ್ಟೆಂಟ್ ಆದಳು, ಪಾಯಸಾ ತಗೊಂಡ ಬರ್ರಿ" ಎಂದರು. ಎರಡನೆಯ ಬಟ್ಟಲು ಪಾಯಸವನ್ನು ತಮ್ಮ ಕೈಯಾರೆ ಬಡಿಸಿದರು. ನಾನು ತಿಂದೆ. ಹೇಳಬೇಕಿದ್ದರೆ ಅವತ್ತು ಹೇಳಬೇಕಿತ್ತು.

ಸೋತವರು ಕೇಳಿದರೆ, ಯಾಕೆ ಸೋತಿರಿ ಎಂದು ಕಾಗದ ಬರೆದು ತಿಳಿಸುವ ಪದ್ಧತಿ ಇಲ್ಲಿದೆ. ಅವರು ಕೇಳಿದ್ದರು. ಮೂರು ವಾರ ಕಳೆದ ಮೇಲೆ ಬಂದ ಶನಿವಾರ ಮೇಜಿನಲ್ಲಿ ನಾವಿಬ್ಬರೇ ಇದ್ದೆವು, ಬೇರೆಯವರು ಇನ್ನೂ ಬಂದಿರಲಿಲ್ಲ. ಅವರು ಕಾಗದ ಬಿಡಿಸಿ, ಇಂಗ್ಲಿಷಿನಲ್ಲಿ ಒಂದೊಂದೇ ಪದ ಓದಿದರು. ರೋಗಿಗಳಿಗೆ ಅವರೆಂದರೆ ಬಹಳ ಪ್ರೀತಿ. ಬದಲಾವಣೆಗೆ ಹೊಂದಿಕೊಳ್ಳುವುದು ಕಷ್ಟ. ಇತರರು ಮುನ್ನಡೆಸಿದಾಗ ಒಳ್ಳೆಯ ಕೆಲಸ ಮಾಡುತ್ತಾರೆಂದು ಅವರ ಜೊತೆ ಕೆಲಸ ಮಾಡಿದವರ ಅಭಿಪ್ರಾಯ.

"ಯಾರು ಹೇಳ್ಯಾರ ಅಂತ ಬರದಿಲ್ಲ" ಎಂದರು. "ಬರೀಬೇಕಾಗೂ ಇಲ್ಲ. ಮೊದಲ ಛಲೋದು, ಆಮ್ಯಾಲೆ ಕೊರತಿ. ಈ ಪಾಠಾ ನಾ ಒಬ್ಬಾಕಿಗೇ ಹೇಳೀನಿ."

"ಸರ್, ಅವರೇ ಕೇಳಿದ್ರು..."

"ಕೇಳ್ತಾರ. ಅದು ಅವರ ಕೆಲಸಾ." ಕಾಗದ ಮಡಚಿದರು. "ಎರಡು ಮಾತು ನಾ ಕಲಿಸಿದ್ದು. ಒಪ್ಪಿಕೊಂಡೆ. ಮೂರನೇದ ನಾ ಕಲಿಸಿದ್ದಲ್ಲ. ಅದು ನಿಂದ."

ಆಮೇಲೆ ಅನ್ನಕ್ಕೆ ಮೊಸರು ಹಾಕಿಕೊಂಡು ಕೊನೆಯ ಅಗುಳಿನ ತನಕ ಉಂಡರು. ಬೇರೆಯವರು ಬಂದಾಗ ಅವರ ಜೊತೆ ನಗುತ್ತಾ ಮಾತಾಡಿದರು. ನನ್ನ ಕಡೆ ನೋಡಲಿಲ್ಲ.

ನಾನು ಕೆಲಸಕ್ಕೆ ಸೇರಿದ ದಿನ ಅವರು ವಾರ್ಡಿನ ಬಾಗಿಲಲ್ಲಿ ಎದುರಾದರು. "ಗುಡ್ ಮಾರ್ನಿಂಗ್, ಡಾಕ್ಟರ್" ಎಂದರು. ನಾನು ಕನ್ನಡದಲ್ಲಿ ಮಾತಾಡಿಸಿದೆ. ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ನಿವೃತ್ತರಾಗುವ ತನಕ, ನಾಲ್ಕು ವರ್ಷ, ನನ್ನ ಜೊತೆ ಒಂದು ಕನ್ನಡ ಪದ ಆಡಲಿಲ್ಲ. 'ತಂಗಿ' ಹೋಯಿತು, 'ನೀ' ಹೋಯಿತು. ಒಮ್ಮೆ ಮಾತ್ರ ಕಾರಿಡಾರಿನಲ್ಲಿ, ಬೇರೆ ಊರಿನಿಂದ ಬಂದ ಕನ್ನಡದ ಡಾಕ್ಟರೊಬ್ಬರ ಎದುರು ತಪ್ಪಿಸಿಕೊಳ್ಳಲಾಗದೆ, ನನ್ನತ್ತ ತಿರುಗಿ, "ನೀವು ಮಾತಾಡ್ರಿ, ನಾ ಬರ್ತೀನಿ" ಎಂದರು. ನನಗೆ ಬಂದ ಆ ಬಹುವಚನವನ್ನು ನಾನು ಬೈಗುಳದ ಹಾಗೆ ನೆನಪಿಟ್ಟುಕೊಂಡಿದ್ದೇನೆ.

ಅವರ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪು ಹುಡುಕಲಾಗುತ್ತಿರಲಿಲ್ಲ. ಆದರೆ ನಾನು ಹೇಳಿದ್ದ ಮೂರನೆಯ ಮಾತನ್ನು ಅವರು ದಿನಾ ನಿಜ ಮಾಡಿ ತೋರಿಸಿದರು. ಯಾವುದನ್ನೂ ತಾವಾಗಿ ನಿರ್ಧರಿಸುತ್ತಿರಲಿಲ್ಲ. ಡ್ರಿಪ್ ಹಾಕಬೇಕೋ ಬೇಡವೋ, ಮಾತ್ರೆ ಅರ್ಧವೋ ಒಂದೋ, ಎಲ್ಲಕ್ಕೂ ನನ್ನ ಕೋಣೆಯ ಬಾಗಿಲು ತಟ್ಟಿ, ಕೈಕಟ್ಟಿ ನಿಂತು ಕೇಳುತ್ತಿದ್ದರು: "ನಾನೇನು ಮಾಡಬೇಕೆಂದು ನಿಮ್ಮ ಅಪೇಕ್ಷೆ, ಡಾಕ್ಟರ್?" ನನಗೆ ನಾಡಿ ಹಿಡಿಯಲು ಕಲಿಸಿದವರು. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಸಿಟ್ಟು ಬಂತು. ಎರಡನೆಯ ವರ್ಷ, ಸುಳ್ಳೇಕೆ ಹೇಳಲಿ, ಅಭ್ಯಾಸವಾಯಿತು. ಡ್ರಿಪ್ ಹಾಕಿ ಎನ್ನುತ್ತಿದ್ದೆ. ಹಾಕುತ್ತಿದ್ದರು.

ಅವರು ಕೂತ ಮಂಚದಿಂದ ಆ ಮುದುಕಿಯರ ನಗು ಮಾತ್ರ ಮೊದಲಿನ ಹಾಗೇ ಕೇಳುತ್ತಿತ್ತು. ಸೋಂಕಿನ ನಿಯಮ ಬಂದು ಯಾರೂ ಮಂಚದ ಮೇಲೆ ಕೂರಬಾರದು ಎಂದಾದಾಗ, ಅದನ್ನು ಅವರಿಗೆ ತಿಳಿಸುವ ಕೆಲಸ ನನ್ನದಾಯಿತು. ತಿಳಿಸಿದೆ. ಮರುದಿನದಿಂದ ನಿಂತೇ ಮಾತಾಡಿದರು. ಅರವತ್ತರ ಮಂಡಿ, ನಿಂತರೆ ನೋಯುತ್ತಿತ್ತು. ಕುರ್ಚಿ ತರಿಸಿಕೊಳ್ಳಿ ಎಂದೆ. ಅದು ನಿಮ್ಮ ಆದೇಶವೇ ಡಾಕ್ಟರ್ ಎಂದು ಕೇಳಿದರು.

ನಿವೃತ್ತಿಯ ಹೊತ್ತಿಗೆ ಆ ಹೋಟೆಲಿನಲ್ಲಿ ಊಟ ಇಟ್ಟುಕೊಳ್ಳೋಣ ಎಂದು ನಾನೇ ಸೂಚಿಸಿದೆ. ಅವರು ಇಂಗ್ಲಿಷಿನಲ್ಲಿ, "ನಾನೀಗ ಅಲ್ಲಿಗೆ ಹೋಗುವುದಿಲ್ಲ" ಎಂದರು. ಸೆಮಿನಾರ್ ಕೋಣೆಯಲ್ಲಿ ಸ್ಯಾಂಡ್‌ವಿಚ್ಚು, ಸಮೋಸ, ಒಂದು ಹೂಕುಂಡ. ಮ್ಯಾನೇಜರು ಅವರ ಹೆಸರನ್ನು ಮೂರು ರೀತಿ ಉಚ್ಚರಿಸಿ ಭಾಷಣ ಮಾಡಿದ. ನಾನೂ ಎರಡು ಮಾತಾಡಿದೆ. ಅವರು ಎಲ್ಲರಿಗೂ ಕೈ ಮುಗಿದು, ಹೂಕುಂಡ ಎತ್ತಿಕೊಂಡು ಬಸ್ಸಿಗೆ ಹೋದರು.

ಮರುವಾರ ಯಾಕೋ ತಡೆಯಲಾಗದೆ ಒಬ್ಬಳೇ ಆ ರೆಸ್ಟೋರೆಂಟಿಗೆ ಹೋದೆ. ನಾಲ್ಕು ವರ್ಷದಲ್ಲಿ ಅದೇ ಮೊದಲು. ಶನಿವಾರ, ಹನ್ನೆರಡೂವರೆ. ಮೂಲೆಯ ಮೇಜಿನಲ್ಲಿ ಯಾರೋ ಕಾನ್ಫರೆನ್ಸಿನವರಿದ್ದರು. ಉಡುಪಿಯವರು ಗುರುತು ಹಿಡಿದರು.

"ಎಂತ ಮೇಡಂ, ಕಾಣುದೇ ಇಲ್ಲ ಮಾರಾಯ್ರೆ?"

"ಡಾಕ್ಟರು ಬರೋದು ಬಿಟ್ಟು ಎಷ್ಟು ದಿನ ಆಯ್ತು?" ಎಂದು ಕೇಳಿದೆ.

"ಬಿಟ್ಟದ್ದಾ? ಇಲ್ವಲ್ಲ. ಅವರೀಗ ಭಾನುವಾರ ಬರುದು. ಮೂರ್ನಾಲ್ಕು ವರ್ಷ ಆಯ್ತು ದಿನ ಬದಲಿಸಿ. ಕೆಲಸ ಇಲ್ಲದ ಡಾಕ್ಟ್ರುಗಳು ಈಗ ಮೊದಲಿಗಿಂತ ಜಾಸ್ತಿ. ನಿಮಗೆ ಗೊತ್ತಿಲ್ವಾ?"

ಇಡ್ಲಿ ಅರ್ಧ ತಿಂದು ಎದ್ದೆ. ಭಾನುವಾರ ಹೋಗಿ ಅವರೆದುರು ನಿಲ್ಲಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಪ್ರತಿ ಭಾನುವಾರವೂ ಮನೆಯಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಹಾಗೆ ಒಂ‌ದೂವರೆ ವರ್ಷ ಕಳೆಯಿತು, ಇಮೇಲು ಬಂತು.

ಅಂತ್ಯಕ್ರಿಯೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದೆ. ಕೆಲವು ದಿನ ಬಿಟ್ಟು ಅವರ ಮನೆಯಲ್ಲಿ ಪೂಜೆ, ಪ್ರಸಾದ ಇಟ್ಟುಕೊಂಡಿದ್ದರು. ಅವರ ಹೆಂಡತಿಯೇ ಫೋನ್ ಮಾಡಿ, "ಬರಬೇಕು, ತಪ್ಪಿಸಬ್ಯಾಡ" ಎಂದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಿಂದೆ ಒಂದೆರಡು ಹಬ್ಬಕ್ಕೆ ಅವರ ಕೈಯ ರೊಟ್ಟಿ, ಹೋಳಿಗೆ ಉಂಡವಳು ನಾನು. ಅವರು ಕರೆದದ್ದು ನನಗೆ ಎಷ್ಟು ಸಮಾಧಾನ ತಂದಿತೆಂದರೆ, ಹೋಗುವ ದಾರಿಯುದ್ದಕ್ಕೂ ಹಗುರಾಗಿದ್ದೆ. ಅಕ್ಕನಿಗೆ ಏನೂ ಗೊತ್ತಿಲ್ಲ ಎಂದುಕೊಂಡೆ.

ಮನೆ ತುಂಬಿತ್ತು. ಆ ಮೇಜಿನಲ್ಲಿ ಉಂಡವರೆಲ್ಲ ಬಂದಿದ್ದರು. ಕವೆಂಟ್ರಿ, ನಾಟಿಂಗ್‌ಹ್ಯಾಮ್, ಲೀಡ್ಸ್, ಎಲ್ಲೆಲ್ಲಿಯೋ ಕೆಲಸಕ್ಕಿದ್ದವರು. ಮಾತು ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ದಾವಣಗೆರೆಯವನೊಬ್ಬ, ಈಗ ಲೆಸ್ಟರಿನಲ್ಲಿದ್ದವನು, ನನ್ನನ್ನು ತೋರಿಸಿ ಹೇಳಿದ:

"ಸರ್ ಯಾವಾಗ್ಲೂ ಹೇಳ್ತಿದ್ರು. ಕನ್ಸಲ್ಟೆಂಟ್ ಪೋಸ್ಟು ಅವರಿಗೇ ಬರೋದಿತ್ತಂತೆ. ಇವರಿಗೋಸ್ಕರ ಅರ್ಜಿ ವಾಪಸು ತಗೊಂಡ್ರಂತೆ. ಸಣ್ಣಾಕಿ ಮುಂದ ಬರಲಿ ಅಂತ. ಯಾರು ಮಾಡ್ತಾರೆ ಈ ಕಾಲದಲ್ಲಿ?"

ಕೋಣೆ ನನ್ನ ಕಡೆ ತಿರುಗಿತು. ನನ್ನ ಕೈಯಲ್ಲಿ ತಟ್ಟೆ ಇತ್ತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಸೆರಗಿಗೆ ಕೈ ಒರೆಸುತ್ತಾ ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

"ಹೌದಲ್ಲ ತಂಗಿ? ನೀನ ಹೇಳು. ಮಂದಿ ನಿನ್ನ ಬಾಯಿಲೆ ಕೇಳಲಿ."

ನಿಜ ಹೇಳಿಬಿಡಬೇಕೆಂದು ಒಂದು ಕ್ಷಣ ಅನ್ನಿಸಿತು. ಅವರು ಸೂಟು ಹಾಕಿಕೊಂಡು ಕಾದಿದ್ದರು, ಅವರು ಬಿಟ್ಟುಕೊಡಲಿಲ್ಲ, ನಾನು ಕಿತ್ತುಕೊಂಡೆ ಎಂದು. ಹಾಗೆ ಹೇಳಿದರೆ ಅವರು ಇಷ್ಟು ವರ್ಷ ಇವರೆಲ್ಲರ ಎದುರು ಹೇಳಿದ್ದು ಸುಳ್ಳಾಗುತ್ತಿತ್ತು. ಹೇಳದಿದ್ದರೆ ನಾನು ಪಾರಾಗುತ್ತಿದ್ದೆ. ಯಾವುದಕ್ಕಾಗಿ ಬಾಯಿ ತೆರೆದೆನೋ ನನಗೇ ಗೊತ್ತಿಲ್ಲ.

"ಹೌದು" ಎಂದೆ. "ನನಗೋಸ್ಕರ ಬಿಟ್ಟುಕೊಟ್ರು."

ಯಾರೋ ಕಣ್ಣೊರೆಸಿಕೊಂಡರು. ಅಕ್ಕ ತಲೆಯಾಡಿಸಿ, "ಒಳಗ ಬಾ" ಎಂದು ಕರೆದರು. ಅಡುಗೆಮನೆಯಲ್ಲಿ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಸಿಂಕಿನ ಪಕ್ಕ ಇಟ್ಟರು. ಅದರಲ್ಲಿ ನಾನಿನ್ನೂ ಮುಟ್ಟದ ಹೋಳಿಗೆ ಇತ್ತು.

"ಆ ಕಾಗದಾ ಬಂದ ದಿನ ನನ್ನ ಮುಂದ ಎಲ್ಲಾ ಹೇಳ್ಯಾರ" ಎಂದರು. ದನಿ ಏರಲಿಲ್ಲ. "ಮಂದಿಗೆ ಬಿಟ್ಟುಕೊಟ್ಟೆ ಅಂತ ಹೇಳಿಕೊಂಡು ತಿರುಗಿದ್ರು. ಮಾನಾ ಉಳಿಸಿಕೊಳ್ಳಾಕ ಅವರಿಗೆ ಅಷ್ಟ ಉಳಿದಿತ್ತು. ಅದನ್ನ ಸುಳ್ಳ ಮಾಡಾಕಿ ಈ ಊರಾಗ ನೀ ಒಬ್ಬಾಕಿನ. ಅದಕ್ಕ ನಿನ್ನ ಕರಿಸಿದ್ನಿ, ಮಂದಿ ಮುಂದ ಹೇಳಿಸಿದ್ನಿ."

"ಅಕ್ಕ, ನಾನು..."

"ಆತು. ಹೇಳಿದಿ, ಕೆಲಸಾ ಮುಗೀತು." ಹಿಂಬಾಗಿಲ ಪಕ್ಕದ ಗೂಟದಿಂದ ನನ್ನ ಕೋಟು ತೆಗೆದು ಕೈಗೆ ಕೊಟ್ಟರು. "ಇನ್ನ ಮ್ಯಾಲೆ ಈ ಮನಿಗೆ ಬರಬ್ಯಾಡ."

ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹಿತ್ತಲಿಗೆ ಇಳಿದೆ. ಒಳಗೆ ಯಾರೋ ಅವರು ಆಡಿದ ಯಾವುದೋ ಮಾತನ್ನು ಅವರದೇ ದನಿಯಲ್ಲಿ ಆಡಿ ತೋರಿಸುತ್ತಿದ್ದರು. ಎಲ್ಲರೂ ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ಅಕ್ಕ ಬಾಗಿಲು ಹಾಕಿಕೊಂಡದ್ದರಿಂದ, ಅದು ಯಾವ ಮಾತೆಂದು ನನಗೆ ಕೇಳಿಸಲಿಲ್ಲ.